ಮಾವ ಹೇಳಿಕೊಡದ ಮೂರನೆಯ ನುಡಿ

ಊರು ಬಿಟ್ಟ ದಿನದ ಹೊರತು ನನ್ನ ಸೋದರಮಾವ ಒಂದು ಹಾಡನ್ನು ಪೂರ್ತಿ ಹಾಡಿಸಿದ್ದನ್ನು ಕೇಳಿದ್ದೇವೆ ಎಂದು ಸವದತ್ತಿಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಾಗೆಂದು ಅವನಿಗೆ ಸಂಗೀತ ಬರುತ್ತಿರಲಿಲ್ಲವೆಂದಲ್ಲ. ನಮ್ಮ ಹುಡುಗಿಯರ ಹೈಸ್ಕೂಲಿನ ಸಂಗೀತ ಮಾಸ್ತರನೇ ಅವನು! ತೊಂದರೆ ಇದ್ದದ್ದು ಅವನ ಕಿವಿಯಲ್ಲಿ. ಒಂದು ಸ್ವರ ಕೂದಲೆಳೆಯಷ್ಟು ಜಾರಿದರೂ ಹಾರ್ಮೋನಿಯಂ ನಿಲ್ಲುತ್ತಿತ್ತು, ಬಲಗೈ ಮೇಲೇಳುತ್ತಿತ್ತು, "ಮೊದಲಿಂದ" ಎಂಬ ಒಂದೇ ಮಾತು ಬರುತ್ತಿತ್ತು. ತಪ್ಪಿದ ಸಾಲಿನಿಂದ ಶುರು ಮಾಡಿದರೆ ಆಗದೇ? ಆಗದು. ಹರಿದಲ್ಲಿ ಹಿಟ್ಟು ಮೆತ್ತಿ ತಟ್ಟಲು ಹಾಡೇನು ರೊಟ್ಟಿಯೇ ಎನ್ನುವುದು ಅವನ ವಾದ.

ಮನೆಯಲ್ಲಿ ಕುಕ್ಕರು ಸೀಟಿ ಹಾಕಿದರೆ, ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಸ್ವರಕ್ಕಿಂತ ತುಸು ಕೆಳಗಿದೆ ಎಂದು ಒಳಗಿನಿಂದಲೇ ತೀರ್ಪು ಕೊಡುತ್ತಿದ್ದ. ಬೇಳೆ ಬೆಂದಿದೆಯೋ ಇಲ್ಲವೋ ಅಷ್ಟು ಹೇಳು ಎಂದು ಅವ್ವ ರೇಗುತ್ತಿದ್ದಳು. ಒಂದು ಬೆಳಿಗ್ಗೆ ಹೂಲಿಯಿಂದ ಬದನೆಕಾಯಿ ತರುವ ಅಜ್ಜಿಯನ್ನು ಅಡ್ಡಗಟ್ಟಿ, ಕೂಗಿನ ಕೊನೆ ಬಿದ್ದುಹೋಯಿತು, ಮೊದಲಿಂದ ಕೂಗು ಎಂದ. ಅಜ್ಜಿ ಬುಟ್ಟಿ ಇಳಿಸಿ ಅವನನ್ನೇ ನೋಡಿದಳು.

"ಮೊದಲಿಂದ ಅಂದ್ರ ಮತ್ತ ಹೂಲಿಗೆ ಹೋಗಿ ಬರಬೇಕೇನ್ರಿ ಮಾಸ್ತರ?"

ಶಾಲೆಯಲ್ಲಂತೂ ಕೇಳಬೇಡಿ. ಒಮ್ಮೆ ಪ್ರಾರ್ಥನೆಗೆ ಎದ್ದು ನಿಂತ ಮುಖ್ಯ ಅತಿಥಿಗಳು ಮೂರು "ಮೊದಲಿಂದ" ಕೇಳಿ, ನಾಲ್ಕನೆಯದಕ್ಕೆ ಕುರ್ಚಿಯ ಬೆನ್ನು ಹಿಡಿದುಕೊಂಡರು. ನಾನು ಮೊದಲ ದಿನ ಬಾಯಿತಪ್ಪಿ "ಮಾವಾ" ಎಂದದ್ದಕ್ಕೆ ಇಡೀ ತರಗತಿಯ ಎದುರು, "ಸಾಲ್ಯಾಗ ನಾ ಮಾವ ಅಲ್ಲ, ಸರ್" ಎಂದಿದ್ದ. ಅಂದಿನಿಂದ ಶಾಲೆಯಲ್ಲಿ ನಾನು ಅವನನ್ನು ಏನೆಂದೂ ಕರೆಯಲಿಲ್ಲ.

ಹತ್ತನೆಯ ತರಗತಿಯವರನ್ನು ಬೀಳ್ಕೊಡಲು ಮಾವನೇ ಕಟ್ಟಿದ ಹಾಡೊಂದಿತ್ತು. ಮೂರು ನುಡಿ. ಎರಡನೆಯದು ತಪ್ಪಿಲ್ಲದೆ ಬರುವವರೆಗೆ ಮೂರನೆಯದರ ಧಾಟಿ ಹೇಳಿಕೊಡುವುದಿಲ್ಲ ಎಂಬುದು ಅವನ ಹಟ. ಎರಡನೆಯದು ಯಾವ ವರ್ಷವೂ ತಪ್ಪಿಲ್ಲದೆ ಬರಲಿಲ್ಲ. ಪ್ರತಿ ವರ್ಷ ಹೆಡ್‌ಮಾಸ್ತರರೇ ಗಂಟೆ ಹೊಡೆಸಿ ಸಮಾರಂಭ ಮುಗಿಸುತ್ತಿದ್ದರು. ಮೂರನೆಯ ನುಡಿಯ ಮಾತುಗಳು ನಮಗೆಲ್ಲ ಬಾಯಿಪಾಠ, ಧಾಟಿ ಮಾತ್ರ ಮಾವನೊಬ್ಬನಿಗೇ ಗೊತ್ತು.

ಇಂಥ ಮಾವನಿಗೆ ಮಸ್ಕತ್ತಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು! ಇಲ್ಲಿಯದು ವರ್ಷ ವರ್ಷವೂ ಕೈಮುಗಿದು ಮುಂದುವರಿಸಿಕೊಳ್ಳಬೇಕಾದ ತಾತ್ಕಾಲಿಕ ಹುದ್ದೆ, ಅಲ್ಲಿಯದು ಖಾಯಂ. ನಾನಾಗ ಒಂಬತ್ತನೆಯ ತರಗತಿ. ಮಾವನ ಬೀಳ್ಕೊಡುಗೆಯ ದಿನವೇ ಸಂಜೆ ಬೆಳಗಾವಿಯಿಂದ ಮುಂಬೈಗೆ ರೈಲು, ಅಲ್ಲಿಂದ ವಿಮಾನ. ಬೆಳಗಾವಿಗೆ ಹೋಗುವ ಬೈಲಹೊಂಗಲದ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲ ಬೇರೆ.

"ಗಾಡಿ ತಪ್ಪಿದ್ರ ವಿಮಾನ ತಪ್ಪತೈತಿ, ವಿಮಾನ ತಪ್ಪಿದ್ರ ನೌಕರಿ ಹೋಗತೈತಿ," ಎಂದು ಅವ್ವ ಬೆಳಗಿನಿಂದ ಜಪಿಸುತ್ತಿದ್ದಳು. ಹೆಡ್‌ಮಾಸ್ತರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾವನಿಂದ ಹಾರ್ಮೋನಿಯಂ ಮುಟ್ಟಿಸಿ ಆಣೆ ಮಾಡಿಸಿದ್ದರು: ಹುಡುಗಿಯರು ಆ ಬೀಳ್ಕೊಡುಗೆಯ ಹಾಡನ್ನು ಹೇಗೇ ಹಾಡಲಿ, ನಡುವೆ ನಿಲ್ಲಿಸುವಂತಿಲ್ಲ.

ಸಭೆಯಲ್ಲಿ ಮಾವ ಹಾರ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಶ್ರುತಿಗೆಂದು ಹಾರ್ಮೋನಿಯಂ ಹಿಡಿದವಳು ನಾನು. ಹೊರಗೆ, ಮಾವನನ್ನು ಬೆಳಗಾವಿಗೆ ಬಿಡಬೇಕಿದ್ದ ದಸ್ತಗೀರ ಕಾಕಾ ತಮ್ಮ ಟ್ರ್ಯಾಕ್ಸ್ ಜೀಪನ್ನು ಚಾಲೂ ಇಟ್ಟುಕೊಂಡೇ ಹಾರ್ನ್ ಒತ್ತುತ್ತಿದ್ದರು. ಹಾರ್ನಿನ ಶ್ರುತಿ ಯಾವುದೆಂದು ಮಾವ ಹೇಳಲಿಲ್ಲ. ನನಗೆ ಹೆದರಿಕೆ ಶುರುವಾದದ್ದು ಆಗಲೇ.

ಮೊದಲ ನುಡಿ ದಾಟಿತು. ಎರಡನೆಯದರಲ್ಲಿ ಎಂದಿನ ಜಾಗದಲ್ಲಿ ಎಂದಿನಂತೆ ತಪ್ಪಿದೆವು. ಮಾವನ ಬಲಗೈ ಮೇಲೆದ್ದಿತು. ಹೆಡ್‌ಮಾಸ್ತರರು ಕೆಮ್ಮಿದರು. ಎದ್ದ ಕೈ ದಾರಿ ಬದಲಿಸಿ ಕೊರಳ ಹಾರವನ್ನು ಸರಿಪಡಿಸಿತು.

ಯಾರೂ ನಿಲ್ಲಿಸಲಿಲ್ಲ! ಹಾಡು ತನ್ನಷ್ಟಕ್ಕೆ ಮುಂದೆ ಹೋಗಿ ಎರಡನೆಯ ನುಡಿಯ ಕೊನೆಗೆ ಬಂದು ನಿಂತಿತು. ಮುಂದೆ? ಮುಂದಕ್ಕೆ ನಮ್ಮಲ್ಲಿ ಯಾರೂ ಹೋದವರೇ ಅಲ್ಲ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಗೊಂಯ್ ಎನ್ನುತ್ತಿತ್ತು. ಹೆಡ್‌ಮಾಸ್ತರರು ಗಡಿಯಾರ ನೋಡಿ, ಇಲ್ಲಿಗೇ ಸಾಕು ಎಂದು ಎದ್ದರು.

"ಅವರದು ತಪ್ಪಿಲ್ಲರಿ," ಮಾವ ಮೆಲ್ಲಗೆ ಹೇಳಿದ. "ಮೂರನೇದು ನಾ ಹೇಳಿಕೊಟ್ಟಿಲ್ಲ."

ಹಾರ ತೆಗೆದಿಟ್ಟು ಬಂದು ನನ್ನ ಪಕ್ಕ ಕುಳಿತ. ನಾನು ಸರಿದೆ. ಒಂದೊಂದೇ ಸಾಲು ಹಾಡಿದ, ನಾವು ಹಿಂದೆ ಹಾಡಿದೆವು. ಹೊರಗೆ ಹಾರ್ನು ಮತ್ತೆ ಮತ್ತೆ ಕೂಗುತ್ತಿತ್ತು. ಅವ್ವ ಕಿಟಕಿಯ ಬಳಿ ಸೆರಗಿನ ತುದಿ ಹಿಂಡುತ್ತಿದ್ದಳು. ಕೊನೆಗೆ ಮಾವ ಇಡೀ ನುಡಿಯನ್ನು ನಮ್ಮಿಂದ ಒಟ್ಟಿಗೆ ಹಾಡಿಸಿದ. ಸವದತ್ತಿಯಲ್ಲಿ ಮೊದಲ ಸಲ ಆ ಹಾಡು ಮುಗಿಯಿತು.

ಮಾವ ಹಾರ್ಮೋನಿಯಂನ ಗಾಳಿಯ ತಿದಿ ಮುಚ್ಚಿ, ಕೊಂಡಿ ಹಾಕಲು ಹೋದ. ಮುಗಿದ ಹಾಡು ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಎಂದೂ ಮಾತಾಡದ ನಾನು ಹೇಳಿಬಿಟ್ಟೆ:

"ಮಾವಾ, ಮೂರನೇ ನುಡಿಯಾಗ ನಾ ತಪ್ಪಿದೆ."

ಈಗ "ಸರ್ ಅನ್ನು" ಎನ್ನುತ್ತಾನೆ ಎಂದುಕೊಂಡೆ. ಮಾವ ನನ್ನನ್ನೇ ನೋಡಿದ. ಕೊಂಡಿಯ ಮೇಲಿನ ಕೈ ಹಿಂದಕ್ಕೆ ಬಂತು.

"ಹೌದವಾ, ತಪ್ಪಿತ್ತು," ಎಂದ. "ಮೊದಲಿಂದ."

ಹೊರಗೆ ದಸ್ತಗೀರ ಕಾಕಾ ಎಂಜಿನ್ ಆರಿಸಿದರು.

ರೈಲು ಸಿಕ್ಕಿತು ಬಿಡಿ. ಅದೂ ಎಲ್ಲೋ ನಿಂತು ನಿಂತು ತಡವಾಗಿ ಬಂತಂತೆ. ಆದರೆ ಮೂರನೆಯ ನುಡಿಯಲ್ಲಿ ಆ ದಿನ ನಾನು ಎಲ್ಲಿಯೂ ತಪ್ಪಿರಲಿಲ್ಲ. ಕುಕ್ಕರಿನ ಸೀಟಿಯ ಶ್ರುತಿ ಹಿಡಿಯುವ ಕಿವಿಗೆ ಅದು ಗೊತ್ತಾಗಿರಲಿಲ್ಲವೇ?