ಮಲಗಿ ಹೊಡೆಯುವ ಸೈಕಲ್ಲು

ಶಿಗ್ಗಾಂವಿಯ ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟವನಿಗೆ ದಂಗಾಗುವುದೂ ದಂಧೆಯ ಒಂದು ಭಾಗ. ಎಮ್ಮೆ ಕಟ್ಟಲು ಸೈಕಲ್ ಚೈನು ಕೇಳಿದವರನ್ನು ನೋಡಿದ್ದೇನೆ. ಅಳಿಯನಿಗೆಂದು ಒಯ್ದ ಸೈಕಲ್ಲನ್ನು, ಮದುವೆ ಮುರಿದ ಮೇಲೆ ವಾಪಸು ತಂದು, "ಹುಡುಗ ಬರೇ ಗಂಟಿ ಬಾರಿಸ್ಯಾನ್ರಿ, ಹತ್ತಿಲ್ಲ" ಎಂದವರನ್ನೂ ನೋಡಿದ್ದೇನೆ. ಇನ್ನು ಮೇಲೆ ನನ್ನನ್ನು ಯಾರೂ ಬೆಚ್ಚಿಬೀಳಿಸಲಾರರು ಎಂದು ಗಲ್ಲೆಯ ಮೇಲೆ ಆರಾಮಾಗಿ ಕುಳಿತಿದ್ದಾಗಲೇ ನಮ್ಮ ಊರಿಗೆ ದನದ ಡಾಕ್ಟರಮ್ಮ, ನಮ್ಮ ಬಾಯಲ್ಲಿ 'ಬಾಯಾರು', ವರ್ಗವಾಗಿ ಬಂದರು. ಅವರ ಒಂದು ಸೈಕಲ್ಲು ನನಗೆ ಕೊಟ್ಟಷ್ಟು ಧಕ್ಕೆಯನ್ನು ಜಿಎಸ್‌ಟಿ ಕೂಡ ಕೊಟ್ಟಿರಲಿಲ್ಲ.

೧. ಏನೇನೂ ಇಲ್ಲದ್ದು

ಬಾಯಾರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಅಂಗಡಿಗೆ ಬಂದರು. ಪಾಪ, ಪಂಕ್ಚರ್ ಆಗಿರಬೇಕು ಎಂದು ನಾನು ಎದ್ದು ಕೈಹಚ್ಚಿದೆ. ನಮ್ಮ ಸೈಕಲ್ಲುಗಳ ಭಾರದ ಅಂದಾಜಿನಲ್ಲಿ ಜೋರಾಗಿ ಎತ್ತಿದ್ದೇ ತಡ, ಅದು ಗಾಳಿಪಟದ ಹಾಗೆ ಮೇಲೆ ಹೋಗಿ ತೂಗುಹಾಕಿದ್ದ ಟೈರುಗಳಿಗೆ ಬಡಿಯಿತು.

"ಇದು ಖರೇನ ಸೈಕಲ್ಲ ಏನ್ರಿ ಬಾಯಾರ?" ಎಂದೆ.

"ಟ್ರಯತ್ಲಾನ್ ಸೈಕಲ್ರಿ ಸಾವ್ಕಾರ್ರ. ಮೊದಲ ಕೆರ್ಯಾಗ ಈಜಬೇಕು. ದಂಡಿಗೆ ಬಂದು ಇದನ್ನ ಹೊಡೀಬೇಕು. ಇದನ್ನ ಇಳದು ಓಡಬೇಕು."

"ಯಾರ್ ಬೆನ್ನ ಹತ್ತಿರತಾರ್ರಿ?"

ಯಾರೂ ಇಲ್ಲವಂತೆ. ಹೋದ ವರ್ಷ ಹಿರೇಕೆರೂರು ಕಡೆ ನೌಕರಿಯಲ್ಲಿದ್ದಾಗ ಮಾಸೂರಿನ ಮದಗದ ಕೆರೆಯಲ್ಲಿ ಈಜು ರೂಢಿ ಮಾಡಿ ಸ್ಪರ್ಧೆಗೆ ಹೋಗಿದ್ದರು. ಈಜಿದರು, ಸೈಕಲ್ ಹತ್ತಿದರು, ಅರ್ಧ ದಾರಿಯಲ್ಲಿ ಭುಜ ಹಿಡಿದುಕೊಂಡವು. ಸೈಕಲ್ಲನ್ನು ಅವರು ಕೊಂಡಿದ್ದು ಒಬ್ಬ ತೆಂಗಿನಮರದಂಥ ಎತ್ತರದ ಮನುಷ್ಯನಿಂದ. ಹ್ಯಾಂಡಲ್ಲು ಇವರಿಗೆ ದೂರ. ಹೊತ್ತು ಮೀರಿತೆಂದು ಅಲ್ಲಿಯವರು ಇವರನ್ನು ಇಳಿಸಿ ಗಾಡಿಯಲ್ಲಿ ಹಾಕಿಕೊಂಡು ಬಂದರಂತೆ.

"ಜಡ್ಡಾದ ಕರಾ ತಂದಂಗ ತಂದ್ರು" ಎಂದರು ಬಾಯಾರು. "ಈ ಸಲ ನಮ್ಮ ಕಡೇನ ರೇಸ್ ಇಟ್ಟಾರ. ಹ್ಯಾಂಡಲ್ ಹತ್ರ ಮಾಡಿ ಕೊಡ್ರಿ. ಈ ಸಲಾನೂ ಮುಗಿಸಲಿಲ್ಲಂದ್ರ ಸೈಕಲ್ ಮಾರಿ, ಈಜೂದು ಓಡೂದು ಎಲ್ಲಾ ಬಂದ್ ಮಾಡತೇನಿ."

ನಾನು ಸೈಕಲ್ಲನ್ನು ಸುತ್ತುಹಾಕಿ ನೋಡಿದೆ. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಗಂಟೆ ಇಲ್ಲ, ಚೈನಿಗೆ ಮುಚ್ಚಳ ಇಲ್ಲ. ಕಿಮ್ಮತ್ತು ಕೇಳಿದೆ. ನನ್ನ ಸ್ಕೂಟರಿಗಿಂತ ಹೆಚ್ಚು. ಸೈಕಲ್ಲಿಗೆ ಒಂದೊಂದೇ ಸಾಮಾನು ಕೂಡಿಸಿ ಲಾಭ ಮಾಡುವುದರಲ್ಲಿ ನನ್ನ ಆಯುಷ್ಯ ಕಳೆದಿತ್ತು. ಒಂದೊಂದೇ ತೆಗೆದೂ ಲಾಭ ಮಾಡಬಹುದು ಎಂದು ಯಾವ ಏಜೆಂಟನೂ ನನಗೆ ಹೇಳಿರಲಿಲ್ಲ.

೨. ವಿಮಾನದ ಸಾಮಾನು

ನಾಲ್ಕು ದಿನಕ್ಕೆ ಬಾಯಾರು ಆನ್‌ಲೈನಿನಲ್ಲಿ ತರಿಸಿದ ಪೆಟ್ಟಿಗೆ ಬಂತು. ಬಿಚ್ಚಿದರೆ, ಹ್ಯಾಂಡಲ್ಲನ್ನು ಮುಂದಿನ ಫೋರ್ಕಿಗೆ ಹಿಡಿಯುವ ಒಂದು ಗಿಡ್ಡ ಕುತ್ತಿಗೆ, ಅದಕ್ಕೆ ಅಡ್ಡ ಒಂದು ಚಪ್ಪಟೆ ರೆಕ್ಕೆ, ರೆಕ್ಕೆಯ ಮೇಲೆ ಮೊಳಕೈ ಇಡಲು ಎರಡು ಮೆತ್ತೆ, ಅವುಗಳ ಮುಂದೆ ಹೋರಿಯ ಕೊಂಬಿನಂಥ ಎರಡು ಕೊಳವೆ.

"ಕುತ್ತಿಗಿಗೆ ಸ್ಟೆಮ್ ಅಂತಾರ್ರಿ. ಎಲ್ಲಾ ಸೇರಿಸಿ ಕಾಕ್‌ಪಿಟ್" ಎಂದರು.

"ಅದು ವಿಮಾನದಾಗ ಇರೂದಲ್ರಿ? ಪೈಲಟ್ ಕುಂಡ್ರೂದು?"

"ಇದರಾಗ ಕುಂಡ್ರೂದಿಲ್ರಿ. ಮಲಗೂದು. ಮೆತ್ತಿ ಮ್ಯಾಲ ಮೊಳಕೈ ಇಟ್ಟು, ಕೊಂಬ ಹಿಡದು, ತಲಿ ಬಗ್ಗಿಸಿ ಮಲಗಬೇಕು. ಗಾಳಿ ತಡಿಯೂದಿಲ್ಲ."

ಕೊಂಬಿನ ತುದಿಯಲ್ಲಿ ಗೇರ್ ಇತ್ತು. ಬ್ರೇಕು ಮಾತ್ರ ದೂರದ ರೆಕ್ಕೆಯ ಕೊನೆಗೆ. ನನಗೆ ಅನುಮಾನ ಬಂತು.

"ಮಲಗಿದಾಗ ಬ್ರೇಕ್ ಹೆಂಗ ಹಿಡೀತೀರಿ?"

"ಮಲಗಿದಾಗ ಬ್ರೇಕ್ ಸಿಗೂದಿಲ್ರಿ."

ನನ್ನ ಕೈಯಲ್ಲಿದ್ದ ಬೋಲ್ಟು ತಿರುವುವ ಪಾನಾ ಕೆಳಗೆ ಬಿತ್ತು. ಬ್ರೇಕು ಮುಟ್ಟಲು ಬಾರದ ಹಾಗೆ ಹ್ಯಾಂಡಲ್ಲು ಕೂಡಿಸಿಕೊಡಿ ಎಂದು, ಕೈಯಾರೆ ಸಾಮಾನು ತಂದು, ಮೇಲೆ ಮಜೂರಿಯನ್ನೂ ಕೊಡಲು ಒಬ್ಬರು ಎದುರಿಗೆ ನಿಂತಿದ್ದಾರೆ.

"ಎಮ್ಮಿ ಅಡ್ಡ ಬಂದ್ರ?"

"ಎದ್ದು ಹಿಡೀಬೇಕು."

"ನೀವು ಏಳೂಮಟಾ ಎಮ್ಮಿ ತಡೀತೈತೇನ್ರಿ?"

"ಎಮ್ಮಿ ಗುಣ ನನಗ ಬಿಡ್ರಿ ಸಾವ್ಕಾರ್ರ. ನೀವು ಬೋಲ್ಟ್ ನೋಡ್ರಿ."

೩. ಟಿಕ್

ಬೋಲ್ಟು ನೋಡಿದೆ. ಅದರ ಜೊತೆ ಒಂದು ಸಣ್ಣ ಪಾನಾ ಬಂದಿತ್ತು. ಬೇಕಾದಷ್ಟು ಬಿಗಿಯಾದ ಕೂಡಲೇ ಅದೇ 'ಟಿಕ್' ಎನ್ನುತ್ತದಂತೆ, ಆಗ ಕೈಬಿಡಬೇಕಂತೆ. ನಮ್ಮ ಅಂಗಡಿಯಲ್ಲಿ ಬೋಲ್ಟು ಬಿಗಿಯಾಯಿತು ಅಂದರೆ ಬಿಗಿಯುವವನು 'ಹುಂ' ಅನ್ನಬೇಕು. ಪಾನಾ ಅನ್ನುವ ಪದ್ಧತಿ ಇಲ್ಲ.

ನಾನು ಬೆರಳಿನಲ್ಲಿ ಹಿಡಿದು ತಿರುವಿದೆನೋ ಇಲ್ಲವೋ, ಟಿಕ್.

"ಬಾಯಾರ, ನಾ ಇನ್ನೂ ಸುರುನ ಮಾಡಿಲ್ರಿ."

"ಮುಗೀತ್ರಿ. ಇದು ಕಬ್ಬಿಣಲ್ಲ, ಕಾರ್ಬನ್. ಅರ್ಧಾ ಸುತ್ತ ಹೆಚ್ಚಾದ್ರ ಹಪ್ಪಳದಂಗ ಪಟ್ ಅಂತೈತಿ."

ಅಷ್ಟು ಸಡಿಲ ಬೋಲ್ಟನ್ನು ನಾನು ಹಾಲಿನ ಕ್ಯಾನು ಕಟ್ಟುವ ಕೊಂಡಿಗೂ ಬಿಟ್ಟವನಲ್ಲ. ನಾಳೆ ಹ್ಯಾಂಡಲ್ಲು ಕಳಚಿ ಕೈಗೆ ಬಂದರೆ ಹೆಸರು ಕೆಡುವುದು ನನ್ನ ಅಂಗಡಿಯದು. ಅಷ್ಟರಲ್ಲಿ ಬಾಯಾರಿಗೆ ಫೋನು ಬಂತು, ಅವರು ಬಾಗಿಲ ಕಡೆ ತಿರುಗಿದರು. ನಾನು ಮೆಲ್ಲಗೆ ನನ್ನ ಸ್ವಂತ ಪಾನಾ ತೆಗೆದು ಬೋಲ್ಟಿಗೆ ಕೂಡಿಸಿದೆ.

"ಬಲಾ ಹಾಕಬ್ಯಾಡ" ಎಂದರು ಬಾಯಾರು, ಬೆನ್ನು ನನ್ನ ಕಡೆಗೇ ಇತ್ತು.

ನಾನು ಕಲ್ಲಾದೆ.

"ಹಾಕಬ್ಯಾಡಂದ್ರ ಹಾಕಬ್ಯಾಡ. ಕೈ ತಗಿ ಮೊದಲ. ಅದರಷ್ಟಕ್ಕ ಅದು ಆಗಲಿ."

ಕೈ ತೆಗೆದೆ. ಪಾನಾ ಅಂಗಿಯ ಕಿಸೆಗೆ ಸೇರಿತು. ಬೆನ್ನಲ್ಲೂ ಕಣ್ಣಿರುವ ಡಾಕ್ಟರನ್ನು ನಾನು ಅದೇ ಮೊದಲು ನೋಡಿದ್ದು. ಅವರು ಫೋನು ಇಟ್ಟು ತಿರುಗಿ, "ಈ ಮಂದೀಗೆ ಧಿಮ್ಮಂತ ಕುಂಡ್ರಾಕ ಬರೂದಿಲ್ರಿ, ಎಮ್ಮಿ ಈಯಾಕತ್ರ ಕರಾ ಹಿಡದು ಜಗ್ಗತಾರ" ಎಂದರು.

ಕರು ಆರಾಮಾಗಿ ಹೊರಗೆ ಬಂತೆಂದು ಸಂಜೆ ತಿಳಿಯಿತು. ಬೋಲ್ಟೂ ಆರಾಮ ಉಳಿಯಿತು. ಎರಡೂ ಒಂದೇ ಫೋನಿನಲ್ಲಿ.

೪. ಜಂಪರಿನ ಲೆಕ್ಕ

ಹಳೆಯ ಸ್ಟೆಮ್ಮು ದಪ್ಪ ಇತ್ತು, ಹೊಸದು ತೆಳ್ಳಗೆ. ಹಾಗಾಗಿ ಫೋರ್ಕಿನ ಕೊಳವೆ ಮೇಲೆ ಕುಂಬಳದ ತೊಟ್ಟಿನಂತೆ ಚಾಚಿಕೊಂಡು ಉಳಿಯಿತು. ಕಡಿಯಬೇಕು. ಕಡಿದರೆ ಮತ್ತೆ ಹಚ್ಚಲು ಬರುವುದಿಲ್ಲ. ಹೆಚ್ಚು ಕಡಿದರೆ ಫೋರ್ಕೇ ಹೋಯಿತು, ರೇಸೂ ಹೋಯಿತು. ನಾನು ಹ್ಯಾಕ್ಸಾ ಗರಗಸ ಹಿಡಿದು ನಿಂತೆ.

ಪಕ್ಕದ ಅಂಗಡಿಯ ಟೇಲರ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದ. ನನ್ನ ಅಂಗಡಿಯಲ್ಲಿ ಏನಾದರೂ ಕಡಿಯುವುದಿದ್ದರೆ ಅವನಿಗೆ ಅಲ್ಲಿ ಮಷಿನ್ ತುಳಿಯಲು ಮನಸ್ಸಾಗುವುದಿಲ್ಲ.

"ಸಾವ್ಕಾರ್, ಒಂದ್ ಬೆರಳ ಒಳಗ ಬಿಡ್ರಿ" ಎಂದ. "ನಾ ಯಾವತ್ತೂ ಅಳತಿಗೆ ಪೂರಾ ಕಡಿಯಂಗಿಲ್ಲ. ನಾಳಿ ಮನಶ್ಯಾ ದಪ್ಪಾದ್ರ ಬಿಚ್ಚಾಕ ಬೇಕಲ್ಲ."

"ಏ, ಇದೇನ್ ಹೆಣ್ಮಕ್ಕಳ ಜಂಪರ್ ಅಲ್ಲೋ ಮಾರಾಯಾ. ಫೋರ್ಕ್ ದಪ್ಪ ಆಗತೈತೇನು?"

"ಅವರು ಹೇಳೂದು ಬರೋಬ್ಬರಿ ಐತ್ರಿ" ಎಂದರು ಬಾಯಾರು. "ಸ್ವಲ್ಪ ಬಿಟ್ಟು ಕಡದು, ಮ್ಯಾಲ ವಾಷರಿನಂಥಾ ಬಿಲ್ಲಿ ಕೂಡಸೂದು. ಮುಂದ ಹ್ಯಾಂಡಲ್ ಎತ್ತರಸಾಕ ಬರತೈತಿ."

ನಾನು ಟೇಲರನ ಮುಖ ನೋಡಿದೆ. ಅವನು ಆಗಲೇ ಟೇಪು ಬಿಚ್ಚಿ, ಸೀಮೆಸುಣ್ಣದಿಂದ ಕೊಳವೆಗೆ ಗೀಟು ಎಳೆಯುತ್ತಿದ್ದ. ಅವನ ಗೀಟಿನ ಮೇಲೇ ಕಡಿದೆ, ಸರಿಯಾಗಿ ಕೂತಿತು. ಅಂದಿನಿಂದ ಗಿರಾಕಿಗಳಿಗೆ ಅವನು ಹೇಳುವುದು ಒಂದೇ: "ನಿನ್ನ ಪ್ಯಾಂಟ್ ಏನ್ ದೊಡ್ಡದು ತಗೋ, ವಿಮಾನದ ಸಾಮಾನ ಕಟಿಂಗ್ ಮಾಡೇನಿ."

೫. ಟ್ರ್ಯಾಕ್ಟರ್

"ಹಿರೇಬೆಂಡಿಗೇರಿ ಮಟಾ ಹೋಗಿ ಬರತೇನ್ರಿ" ಎಂದು ಬಾಯಾರು ಬೆಳಿಗ್ಗೆ ಟ್ರಯಲ್ಲಿಗೆ ಹೊರಟರು. ಬಜಾರು ದಾಟಿದ ಮೇಲೆ ಕೊಂಬು ಹಿಡಿದು ಮಲಗಿಯೇಬಿಟ್ಟರು. ಬಿಸಿಲು ಏರಿತು, ಅವರು ಬರಲಿಲ್ಲ. ಬೋಲ್ಟು ನೆನಪಾಗಿ ಗಳಿಗೆಗೊಮ್ಮೆ ರಸ್ತೆಗೆ ಬಂದು ನೋಡತೊಡಗಿದೆ.

ಕಡೆಗೆ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ಜೋಳದ ಕಣಿಕೆಯ ಮೇಲೆ ಸೈಕಲ್ಲು. ಅದರ ಪಕ್ಕ ತಲೆಯಿಂದ ಕಾಲಿನ ತನಕ ತೊಯ್ದ ಬಾಯಾರು. ಕೈಯಲ್ಲಿ ಕಬ್ಬಿಣದ ಕುಡಗೋಲು. ಹಿರೇಬೆಂಡಿಗೇರಿಯ ಒಬ್ಬ ಮುದುಕಿ ಅವರ ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ ಹಿಡಿದು ಕುಳಿತಿದ್ದಳು.

"ಸೈಕಲ್ ಮ್ಯಾಲ ಮೂರ್ಛಿ ಬಂದು ಬಿದ್ದಿದ್ಲೋ ಯಪ್ಪಾ" ಎಂದಳು ಮುದುಕಿ. "ತಲಿ ಹ್ಯಾಂಡಲ್ ಮ್ಯಾಲ ಐತಿ, ಸೈಕಲ್ ತನ್ನಷ್ಟಕ್ಕ ತಾನ ಹೊಂಟೈತಿ. ಮಂದಿ ಎಲ್ಲಾ ಅಡ್ಡ ನಿಂತು ಹಿಡದು, ನೀರ ಹೊಡದು, ಕೈಯಾಗ ಕಬ್ಬಿಣ ಕೊಟ್ಟೇವಿ."

"ನಾ ಆರಾಮ ಅದೇನಿ ಅಂದ್ನಿರಿ" ಎಂದರು ಬಾಯಾರು ಉಳ್ಳಾಗಡ್ಡಿಯ ಹಿಂದಿನಿಂದ. "ಮೂರ್ಛಿದವ್ರು ಹಂಗ ಅಂತಾರ ಅಂದ್ರು."

ನಾನು ಮುದುಕಿಗೆ ತಿಳಿಸಿ ಹೇಳಿದೆ: "ಆಯಿ, ಬಾಯಾರಿಗೆ ಏನೂ ಆಗಿಲ್ಲ. ಅವರು ಸೈಕಲ್ ಹೊಡಿಯೂದ ಹಂಗ. ಹಾನಗಲ್ಲ, ಸವಣೂರ, ಎಲ್ಲಿ ಬೇಕಾದಲ್ಲಿ ಹುಡುಕು, ಹಿಂಗ ಮಲಗಿ ಹೊಡಿಯೂದು ಇವ್ರೊಬ್ರ. ಇವ್ರು ಬಂದ್ರ ದಾರಿ ಬಿಟ್ಟಬಿಡು."

"ಬ್ಯಾರೇದವ್ರು ಹಂಗ ಬಂದ್ರ?"

ಮಾತು ಮುಗಿಸಿ ಗಿರಾಕಿ ನೋಡುವ ಅವಸರ ನನಗೆ. "ಬ್ಯಾರೇದವ್ರು ಹಂಗ ಬಂದ್ರ ಖರೇನ ಮೂರ್ಛಿ. ಹಿಡಿ" ಎಂದೆ.

ಟ್ರ್ಯಾಕ್ಟರ್ ಹೋದ ಮೇಲೆ ಮೆಲ್ಲಗೆ ಕೇಳಿದೆ: "ಬಾಯಾರ, ಭುಜಾ ಏನಂತಾವ್ರಿ?"

"ಗೊತ್ತಿಲ್ರಿ" ಎಂದರು ಕಣ್ಣೊರೆಸಿಕೊಳ್ಳುತ್ತ. "ಉಳ್ಳಾಗಡ್ಡಿ ಘಾಟಿಗೆ ಮೈಯಾಗಿಂದು ಏನೂ ತಿಳಿವಲ್ದು."

೬. ಕಟ್ಟೆಯ ಮೇಲಿನವರು

ಸ್ಪರ್ಧೆಯ ದಿನ ಬಂತು. ಊರ ಹೊರಗಿನ ಕೆರೆಯಲ್ಲಿ ಈಜಿ, ಹಿರೇಬೆಂಡಿಗೇರಿ ಹಾದುಹೋಗುವ ರಸ್ತೆಯಲ್ಲಿ ಸೈಕಲ್ ಹೊಡೆದು, ತಿರುಗಿ ಬಂದು ಓಡಬೇಕು. ಬಾಯಾರು ನೀರಿನಿಂದ ಎದ್ದಿದ್ದು ಹೆಚ್ಚುಕಡಿಮೆ ಕಡೆಗೆ. ಹೊಳೆಯುವ ಸೈಕಲ್ಲುಗಳೆಲ್ಲ ಸುಯ್ಯೆಂದು ಮುಂದೆ ಹೋಗಿದ್ದವು. ಟೇಲರನಿಗೆ ತನ್ನ ಕಟಿಂಗ್ ಹೇಗೆ ಕೂತಿದೆ ನೋಡುವ ಹಂಬಲ. ಅವನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಬಾಯಾರ ಮುಂದೆ ಮುಂದೆಯೇ ಹಿರೇಬೆಂಡಿಗೇರಿಗೆ ಹೋದೆ.

ಅಲ್ಲಿ ಬೇವಿನ ಮರದ ಕಟ್ಟೆಯ ಮೇಲೆ ಎಲ್ಲೆಲ್ಲಿಂದಲೋ ಬಂದ ಸೈಕಲ್ ಸರದಾರರು ಸಾಲಾಗಿ ಕುಳಿತಿದ್ದಾರೆ. ಎಲ್ಲರೂ ತೊಪ್ಪೆಯಾಗಿದ್ದಾರೆ. ಒಬ್ಬನ ಕೈಯಲ್ಲಿ ಕುಡಗೋಲು, ಒಬ್ಬನ ಕೈಯಲ್ಲಿ ಕೀಲಿಕೈ ಗೊಂಚಲು, ದೊಡ್ಡ ಮೈಯವನೊಬ್ಬನಿಗೆ ನೇಗಿಲ ಕುಳವನ್ನೇ ಹಿಡಿಸಿದ್ದಾರೆ. ಮುದುಕಿ ಉಳ್ಳಾಗಡ್ಡಿಯ ಬುಟ್ಟಿ ಇಟ್ಟುಕೊಂಡು ಮೂಗಿನಿಂದ ಮೂಗಿಗೆ ಓಡಾಡುತ್ತಿದ್ದಾಳೆ.

ಒಬ್ಬಾತ ಇಂಗ್ಲಿಷಿನಲ್ಲಿ ತಾನು ಚೆನ್ನಾಗಿದ್ದೇನೆಂದು ಕೈಮುಗಿದು ಹೇಳಿದ.

"ನೋಡ್ರಿ, ತಲಿಗೇರಿ ಏನೇನೋ ಬಡಬಡಿಸಾಕತ್ತಾನ" ಎಂದಳು ಮುದುಕಿ. "ಇನ್ನೊಂದ್ ಕೊಡಾ ನೀರ ಹಾಕ್ರಿ ಇವಂಗ."

ಅಷ್ಟರಲ್ಲಿ ಬಾಯಾರು ಬಂದರು. ಕೊಂಬು ಹಿಡಿದು, ತಲೆ ಬಗ್ಗಿಸಿ, ಪೂರಾ ಮಲಗಿಯೇ ಬರುತ್ತಿದ್ದರು. ಅಡ್ಡ ನಿಂತ ಮಂದಿ ಕೈ ಚಾಚಿತು.

"ಏ, ಬಿಡ್ರಿ ಬಿಡ್ರಿ" ಎಂದಳು ಮುದುಕಿ. "ಅಕಿ ನಮ್ಮಾಕಿ. ಅಕಿ ಮಲಗೂದ ಹಂಗ."

ಮಂದಿ ಎರಡು ಪಾಲಾಗಿ ಸರಿಯಿತು. ಬಾಯಾರು ತಲೆ ಎತ್ತದೆ ದಾಟಿ ಹೋದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಯಾರ ಭುಜ ಕೊನೆಯ ತನಕ ಹಿಡಿದುಕೊಳ್ಳಲಿಲ್ಲ. ಹೊತ್ತು ಮೀರುವ ಮೊದಲೇ ಸೈಕಲ್ ಇಳಿದು, ಓಡಿ ಮುಗಿಸಿದರು. ಕಟ್ಟೆಯ ಮೇಲೆ ಕೂತವರಿಗೆ ಕೂತಷ್ಟು ಹೊತ್ತನ್ನು ರೇಸಿನವರು ಮಾಫಿ ಮಾಡಿದರು. ತಾವು ಎಷ್ಟನೆಯವರೆಂದು ಬಾಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಸೈಕಲ್ಲು ಮಾರಾಟಕ್ಕಿಲ್ಲ.

ಆದರೆ ಆ ಹೊತ್ತಿಗೆ ಕಟ್ಟೆಯ ಹತ್ತಿರ ಮೋಟಾರ್‌ಸೈಕಲ್ಲಿನಲ್ಲಿ ರೇಸಿನ ಸಾಹೇಬರೊಬ್ಬರು ಬಂದು ನಿಂತರು. ಹೊರಗಿನವರ ಸಹಾಯ ತೆಗೆದುಕೊಂಡವರಿಗೆ ದಂಡ ಹಾಕುವುದು ಅವರ ಕೆಲಸವಂತೆ. ಇಷ್ಟು ಸಹಾಯವನ್ನು ಒಂದೇ ಕಡೆ ಅವರೂ ನೋಡಿರಲಿಲ್ಲ. ಕಟ್ಟೆಯ ಮೇಲಿನವರನ್ನು ಒಬ್ಬೊಬ್ಬರನ್ನೇ ಎಣಿಸಿ, ಆಮೇಲೆ ಕೇಳಿದರು: "ಇವರನ್ನೆಲ್ಲ ಹಿಡೀರಿ ಅಂತ ನಿಮಗೆ ಯಾರಮ್ಮಾ ಹೇಳಿದ್ದು?"

ಮುದುಕಿ ಉಳ್ಳಾಗಡ್ಡಿ ಹಿಡಿದ ಕೈಯನ್ನೇ ನನ್ನ ಕಡೆ ಚಾಚಿದಳು. "ಅಲ್ಲಿ ಅದಾರಲ್ರಿ, ಸೈಕಲ್ ಅಂಗಡಿ ಸಾವ್ಕಾರ್ರು. ಬ್ಯಾರೇದವ್ರು ಹಂಗ ಬಂದ್ರ ಖರೇನ ಮೂರ್ಛಿ, ಹಿಡಿ ಅಂತ ಅವ್ರ ಹೇಳ್ಯಾರ."

ತೊಯ್ದ ಮುಖಗಳೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದವು. ನೇಗಿಲ ಕುಳ ಹಿಡಿದವನು ಎದ್ದು ನಿಂತ. ಹಿಂದೆ ನೋಡಿದರೆ ಟೇಲರ್ ಇಲ್ಲ. ಸ್ಕೂಟರ್ ಹತ್ತಿ ಕುಳಿತೆ, ಅದು ಚಾಲೂ ಆಗಲಿಲ್ಲ. ಯಾರ ಮುಖವನ್ನೂ ನೋಡಲಾಗದೆ, ಹ್ಯಾಂಡಲ್ಲಿನ ಮೇಲೆ ಎರಡೂ ಮೊಳಕೈ ಊರಿ, ತಲೆ ಬಗ್ಗಿಸಿಬಿಟ್ಟೆ.

ಕಿವಿಗೆ ಮುದುಕಿಯ ದನಿ ಬಿತ್ತು: "ಅಯ್ಯ, ಸಾವ್ಕಾರ್ರಿಗೂ ಬಂತು. ಅದೊಂದು ದೊಡ್ಡ ಉಳ್ಳಾಗಡ್ಡಿ ತರ್ರಿ ಇಲ್ಲೆ."