ಅಜ್ಜನ ಕ್ಯಾಬಿನ್ ಅಲ್ಲಾಡಿದ ಕಥೆ

ಲಾರಿ ಮೇಲೆ ಬರುವ ಮನೆಗೆ ಪಾಯ ಹಾಕಿ ಹೊಟ್ಟೆ ಹೊರೆದವನಿಗೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಮನೆಯ ಹಿಂದಿನ ಟ್ರೇಲರ್ ಹತ್ತಿ ಅವೇ ಬರುತ್ತವೆ.

ನಾನು ಕುವೈತಿನ ಶುಐಬಾದಲ್ಲಿ ಪೋರ್ಟಾ ಕ್ಯಾಬಿನ್ ತಯಾರಿಸುವ ಕಂಪನಿಯೊಂದರಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದೆ. ಗೋಡೆ, ಬಾಗಿಲು, ಕಿಟಕಿ, ದೀಪ ಎಲ್ಲವನ್ನೂ ನಮ್ಮ ಯಾರ್ಡಿನಲ್ಲೇ ಕೂಡಿಸಿ, ಕ್ರೇನಿನಿಂದ ಎತ್ತಿ, ಹೇಳಿದ ಜಾಗಕ್ಕೆ ಒಯ್ದು ಇಳಿಸಿದರೆ ಮನೆ ಆಯಿತು. ಇಳಿಸುವ ಮೊದಲು ಅದರ ಕೆಳಗೆ ಏನು ಇಡಬೇಕು ಎಂಬುದು ನನ್ನ ಪಾಲಿನ ತಲೆನೋವು. ಈಗ ರಿಟೈರ್ ಆಗಿದ್ದೇನೆ. ಸಾಲ್ಮಿಯಾದಲ್ಲಿ ಮಗನ ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಈ ಕಥೆಗಳನ್ನು ಹೇಳುತ್ತಿರುತ್ತೇನೆ. ಮೊಮ್ಮಗಳು "ಐ ನೋ ದಿಸ್ ಒನ್" ಎಂದು ಎದ್ದು ಹೋಗುತ್ತಾಳೆ. ನೀವಾದರೂ ಕೂತು ಕೇಳಿ.

ರಜೆಗೊಂದು ಷರತ್ತು

ಕುವೈತಿನಲ್ಲಿ ಚಳಿಗಾಲ ಬಂತೆಂದರೆ ಅಲ್ಲಿಯ ಮನೆತನಗಳೆಲ್ಲ ಮರುಭೂಮಿಗೆ ಹೋಗಿ ಡೇರೆ ಹೊಡೆಯುತ್ತವೆ. ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರ ತಂದೆಗೆ ಈ ಡೇರೆ ಎಂದರೆ ಪ್ರಾಣ. ಸಂಜೆಯಾದರೆ ಗೆಳೆಯರನ್ನು ಸೇರಿಸಿ, ಚಹಾ ಕುಡಿಯುತ್ತ, ಹಳೆಯ ಮಾತು ತೆಗೆದು ಕೂಡಬೇಕು. ನಾವು ಕೆಲಸದವರು ಅವರನ್ನು ನಮ್ಮನಮ್ಮಲ್ಲಿ ಅಜ್ಜ ಎಂದೇ ಕರೆಯುತ್ತಿದ್ದೆವು. ವಯಸ್ಸಾಯಿತು, ಡೇರೆಯಲ್ಲಿ ಗಾಳಿ ಹೊಡೆಯುತ್ತದೆ ಎಂದು ಮಗ ಆ ವರ್ಷ ಅಪ್ಪನಿಗೊಂದು ಕ್ಯಾಬಿನ್ ಹಾಕಿಸುವುದೆಂದು ತೀರ್ಮಾನಿಸಿದರು.

ಅದೇ ಹೊತ್ತಿಗೆ ಊರಲ್ಲಿ, ಗದಗಿನಲ್ಲಿ, ನನ್ನ ಮಗಳ ನಿಶ್ಚಿತಾರ್ಥ ನಿಗದಿಯಾಯಿತು. ಚಳಿಗಾಲ ಮುಗಿಯುತ್ತಲೇ ಮುಹೂರ್ತ. ನಾನು ರಜೆ ಕೇಳಲು ಮುದೀರ್ ಕೋಣೆಗೆ ಹೋದೆ. ಅವರು ನಗುತ್ತಲೇ ಷರತ್ತು ಹಾಕಿದರು. ಅರಬ್ಬಿ, ಇಂಗ್ಲಿಷು, ಹಿಂದಿ ಎಲ್ಲ ಕಲಸಿದ ಅವರ ಮಾತಿನ ಸಾರ ಇಷ್ಟು: ತಂದೆ ಕ್ಯಾಬಿನ್ನಿನಲ್ಲಿ ಕೂತು "ಇದು ಅಲ್ಲಾಡುವುದಿಲ್ಲ" ಎಂದು ತಮ್ಮ ಬಾಯಿಂದ ಹೇಳಬೇಕು. ಹೇಳಿದರೆ ರಜೆ. ಹೇಳದಿದ್ದರೆ ರಜೆ ಖಲಾಸ್.

ನಾನು ಮನೆಗೆ ಫೋನ್ ಮಾಡಿ, ರಜಾ ಸಿಕ್ಕಂಗನ ಅಂತ ತಿಳಕೋ, ಒಬ್ಬ ಅಜ್ಜ ಹೂಂ ಅಂದ್ರ ಸಾಕು, ಎಂದೆ.

ನನ್ನ ಹೆಂಡತಿ ಕೇಳಿದಳು: "ನಮ್ಮ ಮಗಳ ನಿಶ್ಚಿತಾರ್ಥಕ್ಕ ಅಲ್ಲಿ ಅಜ್ಜನ್ನ ಯಾಕ ಕೇಳಬೇಕ್ರೀ?"

ನಮ್ಮೂರ ಮಣ್ಣು, ಅವರೂರ ಮಳೆ

ಕ್ಯಾಬಿನ್ ಇಡುವ ಜಾಗ ನೋಡಲು ನಾವು ಮೂವರು ಹೋದೆವು. ನಾನು, ಉಡುಪಿ ಕಡೆಯ ನಮ್ಮ ಫೋರ್‌ಮನ್ನು, ಪಂಜಾಬಿ ವೆಲ್ಡರು. ಸುತ್ತಲೂ ಕಣ್ಣು ಹಾಯುವವರೆಗೆ ಮರಳು, ಕ್ಯಾಬಿನ್ ಇಡುವಲ್ಲಿ ಮಾತ್ರ ಗಟ್ಟಿಯಾದ ನೆಲ. ಸಿಮೆಂಟ್ ಬ್ಲಾಕಿನ ನಾಲ್ಕು ಸಾಲು ಇಟ್ಟು, ರಸಮಟ್ಟ ಹಿಡಿದು ಸಮ ನೋಡಿ, ಮೇಲೆ ಕ್ಯಾಬಿನ್ ಇಳಿಸಿದರೆ ಸಾಕಿತ್ತು. ಆದರೆ ನಾನು ಹುಟ್ಟಿದ್ದು ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಊರಲ್ಲಿ. ಬೇಸಿಗೆಯಲ್ಲಿ ನಮ್ಮ ಹೊಲ ಬಿರಿದರೆ ಅದರೊಳಗೆ ಬಿದ್ದ ಚೆಂಡು ಮುಂದಿನ ಬಿತ್ತನೆಗೇ ಸಿಗುವುದು. ಅಂಥವನು ನೆಲವನ್ನು ಹೇಗೆ ನಂಬಬೇಕು ಹೇಳಿ. ಗಟ್ಟಿ ಸಿಗುವವರೆಗೆ ಅಗೆಯಿರಿ ಎಂದೆ.

ಫೋರ್‌ಮನ್ ಕೈ ಅಡ್ಡ ಹಿಡಿದರು. "ಸರ್, ಗುಂಡಿ ಮಾಡಿದ್ರೆ ನೀರು ನಿಲ್ತದೆ. ಮನೆ ಎತ್ತರದಲ್ಲೇ ಇರ್ಬೇಕು."

"ಇಲ್ಲಿ ಎಲ್ಲಿ ಮಳಿ ಐತ್ರೀ?"

"ಬಂದ್ರೆ ಎಂತ ಮಾಡೋದು ಮಾರಾಯ್ರೆ? ನಿಮ್ಮ ಎರಿ ಮಣ್ಣು ಇಲ್ಲಿ ಎಲ್ಲುಂಟು, ಅದನ್ನು ಹೇಳಿ ನೋಡುವ."

ಇಬ್ಬರೂ ಬಿಸಿಲಲ್ಲಿ ನಿಂತು ಬಹಳ ಹೊತ್ತು ವಾದ ಮಾಡಿದೆವು. ಅವರು ತಮ್ಮೂರಿನ ಮಳೆಯನ್ನು ಹೊತ್ತು ತಂದಿದ್ದರು, ನಾನು ನಮ್ಮೂರಿನ ಬಿರುಕನ್ನು. ವೆಲ್ಡರ್‌ಗೆ ಎರಡರ ಚಿಂತೆಯೂ ಇರಲಿಲ್ಲ. ದೀಪಕ್ಕೂ ಟಿವಿಗೂ ತಂದಿದ್ದ ಜನರೇಟರ್ ಓಡುವಾಗ ಕುಣಿಯುತ್ತ ಜಾಗ ಬಿಟ್ಟು ಜಾಗಕ್ಕೆ ಹೋಗುತ್ತದೆ ಎಂದು, ಅದರ ಚೌಕಟ್ಟನ್ನು ಅವನು ಲಾರಿಯಲ್ಲಿ ಬಂದ ಕ್ಯಾಬಿನ್ನಿನ ಅಡಿಯ ಕಬ್ಬಿಣಕ್ಕೇ ವೆಲ್ಡ್ ಮಾಡಿಬಿಟ್ಟ. ಭಲೇ ಭಾಯಿ, ಎಲ್ಲಾ ಒಂದೇ ಮೈ ಆದ್ರ ಗಟ್ಟಿ, ಎಂದು ನಾನೇ ಬೆನ್ನು ತಟ್ಟಿದೆ.

ಕೊನೆಗೆ ಇಬ್ಬರ ಮಾತೂ ಉಳಿಯಲಿ ಎಂದು ರಾಜಿಯಾದೆವು. ನಾನು ಅಗೆಸಿದೆ, ಅವರು ಆ ಗುಂಡಿಯಿಂದ ಬ್ಲಾಕು ಪೇರಿಸಿ ಎತ್ತರ ಮಾಡಿಸಿದರು. ನಾನು ಎಷ್ಟು ಕೆಳಗೆ ಹೋಗಿದ್ದೆನೋ ಅವರು ಸರಿಯಾಗಿ ಅಷ್ಟೇ ಮೇಲೆ ಬಂದಿದ್ದರು. ಕ್ಯಾಬಿನ್ನಿನ ತಳ ನೆಲಕ್ಕೆ ಸಮನಾಗಿ ಬಂದು ಕೂತಿತು. ಇಬ್ಬರೂ ಗೆದ್ದೆವೆಂದು ಕೈ ಕುಲುಕಿ ಚಹಾ ಕುಡಿದೆವು.

ಬಸಿಯ ಮುಂದೆ ಸಾಷ್ಟಾಂಗ

ಮೊದಲ ದಿನ ಸಂಜೆ ಅಜ್ಜ ಬಂದರು. ರತ್ನಗಂಬಳಿ ಹಾಸಿ, ದಿಂಬು ಒರಗಿಸಿ, ದೀಪ ಹಾಕಿ, ಟಿವಿ ಹಚ್ಚಿ, ಸಣ್ಣ ಗಾಜಿನ ಲೋಟದಲ್ಲಿ ಚಹಾ ಕೊಟ್ಟೆವು. ಗೆಳೆಯರೆಲ್ಲ ಮರ್ಯಾದೆಗೆ ಬಹಳ ಚೆನ್ನಾಗಿದೆ ಎಂದರು. ಅಜ್ಜ ಮಾತ್ರ ಲೋಟವನ್ನು ಕಣ್ಣೆದುರು ಹಿಡಿದು ನೋಡಿದರು, ಅಂಗೈಯನ್ನು ನೆಲಕ್ಕೆ ಹಚ್ಚಿದರು, ಆಮೇಲೆ ಆ ಕೈಯನ್ನೇ ನನ್ನ ಮುಂದೆ ನಡುಗಿಸಿ ತೋರಿಸಿದರು. ಅಲ್ಲಾಡುತ್ತದೆ.

ಮರುದಿನ ಬೆಳಿಗ್ಗೆಯೇ ನಾವು ಮೂವರೂ ಹಾಜರು. ಹಗಲಲ್ಲಿ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಸೂರ್ಯನೇ ದೀಪ, ಗಾಳಿಯದೇ ಸದ್ದು. ರಸಮಟ್ಟ ಇಟ್ಟೆವು, ಗುಳ್ಳೆ ನಟ್ಟ ನಡುವೆ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಮ್ಮ ಕಡೆಯವರಿಗೆ ಚಹಾ ಬಸಿಗೆ, ಅಂದರೆ ಸಾಸರಿಗೆ, ಹಾಕಿಕೊಂಡು ಕುಡಿಯುವ ರೂಢಿ, ಹಾಗಾಗಿ ಬುತ್ತಿಯ ಜೊತೆ ನನ್ನ ಬಸಿ ಸದಾ ಇರುತ್ತದೆ. ಅದನ್ನು ಕ್ಯಾಬಿನ್ನಿನ ನಡುವೆ ಇಟ್ಟು, ಅಂಚಿನ ತನಕ ಚಹಾ ಸುರಿದೆ. ಕ್ಯಾಬಿನ್ ಎಳ್ಳಷ್ಟು ಅಲುಗಿದರೂ ಚಹಾ ಹೇಳುತ್ತದೆ. ಹತ್ತಿರದಿಂದ ನೋಡಬೇಕಲ್ಲ, ಮೂವರೂ ನೆಲದ ಮೇಲೆ ಬೋರಲು ಮಲಗಿದೆವು. ಉಸಿರು ಬಿಗಿಹಿಡಿದೆವು. ಚಹಾ ಕದಲಲಿಲ್ಲ, ಕೆನೆ ಕಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಒಂಟೆ ಕಾಯುವವನೊಬ್ಬ ಕುಡಿಯಲು ನೀರು ಕೇಳಲು ಬಂದಿದ್ದ. ಒಳಗೆ ನೋಡಿದರೆ ಮೂರು ಜನ ದೊಡ್ಡ ಮನುಷ್ಯರು ಒಂದು ಬಸಿಗೆ ಅಡ್ಡಬಿದ್ದಿದ್ದಾರೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಫೋರ್‌ಮನ್ ತಲೆ ಎತ್ತದೆ, ಬಸಿಯ ಮೇಲಿನ ಕಣ್ಣು ತೆಗೆಯದೆ, ಮನೆ ಓಡಿಹೋಗುತ್ತದೋ ಎಂದು ನೋಡುತ್ತಿದ್ದೇವೆ ಎಂದು ಹೇಳಿದರು. ಅವನು ನೀರು ಬೇಡವೆಂದು ಹೊರಟ. ಅಂದಿನಿಂದ ಅವನ ಒಂಟೆಗಳು ನಮ್ಮ ಕ್ಯಾಂಪನ್ನು ಅರ್ಧ ಮೈಲಿ ಬಳಸಿಕೊಂಡು ಹೋಗುತ್ತಿದ್ದವು.

ಬೀಗರ ಎಣ್ಣೆ

ಬೆಳಿಗ್ಗೆ ಅಲ್ಲಾಡದ ಕ್ಯಾಬಿನ್ ಸಂಜೆ ಅಜ್ಜ ಬಂದರೆ ಅಲ್ಲಾಡುತ್ತಿತ್ತು. ನಾನು ಯಾರಿಗೂ ಹೇಳದೆ ಒಂದು ಶುಕ್ರವಾರ ಹೋಗಿ, ಇನ್ನಷ್ಟು ಬ್ಲಾಕು ಹೂಳಿಸಿ, ಕ್ಯಾಬಿನ್ನಿಗೆ ಬೋಲ್ಟ್ ಹಾಕಿ ಬಿಗಿದು ಬಂದೆ. ಶನಿವಾರ ಅಜ್ಜ ಕೈ ಇನ್ನೂ ಜೋರಾಗಿ ನಡುಗಿಸಿ ತೋರಿಸಿದರು. ಮುಂದಿನ ವಾರ ನೋಡಿದರೆ ಮತ್ತಷ್ಟು ಜೋರು. ಗಟ್ಟಿ ಮಾಡಿದಷ್ಟೂ ನಡುಕ ಹೆಚ್ಚುತ್ತದೆಂದರೆ ಯಾವ ಎಂಜಿನಿಯರ್ ನಂಬುತ್ತಾನೆ? ದೋಷ ನೆಲದ್ದಲ್ಲ, ವಯಸ್ಸಾಗಿ ನಡುಗುವ ಅಜ್ಜನ ಮೊಣಕಾಲಿನದು ಎಂದು ನಾನು ತೀರ್ಮಾನಿಸಿದೆ.

ಅದನ್ನು ಫೋನಿನಲ್ಲಿ ಹೆಂಡತಿಗೆ ಹೇಳಿದೆ. ಅವಳು ಬೀಗರಿಗೆ ಹೇಳಿದಳು. ನಮ್ಮ ಬೀಗರು ಬಹಳ ಅಂತಃಕರಣದ ಮನುಷ್ಯರು, ಮೇಲಾಗಿ ಮನೆಯಲ್ಲೇ ಏನೇನೋ ಬೇರು ಕುದಿಸಿ ಎಣ್ಣೆ ಕಾಸುವ ಹವ್ಯಾಸದವರು. ನಿಶ್ಚಿತಾರ್ಥ ನಿಂತಿರುವುದು ಒಬ್ಬ ಮುದುಕರ ನಡುಕದ ಮೇಲೆ ಎಂದು ಕೇಳಿ ಅವರಿಗೆ ರಾತ್ರಿ ನಿದ್ದೆ ಹತ್ತಲಿಲ್ಲವಂತೆ. ಕುವೈತಿನ ಅಬು ಹಲೀಫಾಕ್ಕೆ ಬರುವ ಪರಿಚಯದವರ ಕೈಯಲ್ಲಿ ಒಂದು ಬಾಟಲಿ ಎಣ್ಣೆ ಕಳಿಸಿದರು. ಕುಂಕುಮದ ಕೈಯಲ್ಲಿ ಬಾಟಲಿ ಹಿಡಿದಿದ್ದರೋ ಏನೋ, ಮುಚ್ಚಳವೆಲ್ಲ ಕೆಂಪು.

ಕಳಿಸಿದ್ದನ್ನು ಕೊಡದೆ ಇರಲು ಆಗುತ್ತದೆಯೇ? ಅಂಜುತ್ತ ಅಜ್ಜನ ಮುಂದೆ ಇಟ್ಟೆ, ನಮ್ಮ ಬೀಗರು ಪ್ರೀತಿಯಿಂದ ಕಳಿಸಿದ್ದಾರೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ನನ್ನೆದುರೇ ಮೊಣಕಾಲಿಗೆ ತಿಕ್ಕಿಸಿಕೊಂಡರು. ಮುಂದಿನ ವಾರ ನನ್ನನ್ನು ಕರೆಸಿ, ಎದ್ದು ನಿಂತು, ಕೂತು, ಮತ್ತೆ ಎದ್ದು ತೋರಿಸಿ ಹೇಳಿದರು: ಎಣ್ಣೆ ಬಹಳ ಉತ್ತಮ, ಕಾಲು ಈಗ ಕಬ್ಬಿಣದ ಹಾಗಿದೆ, ಆದ್ದರಿಂದ ಅಲ್ಲಾಡುತ್ತಿರುವುದು ಕ್ಯಾಬಿನ್ನೇ.

ಕ್ರೇನ್ ಬಂದ ದಿನ

ಚಳಿಗಾಲ ಮುಗಿಯಿತು. ಕ್ಯಾಂಪುಗಳನ್ನೆಲ್ಲ ಕಿತ್ತು ನೆಲ ಖಾಲಿ ಮಾಡುವುದು ಅಲ್ಲಿಯ ನಿಯಮ. ಕ್ರೇನ್ ಬಂದ ಆ ದಿನ ಕ್ಯಾಬಿನ್ ಯಾರ್ಡಿಗೆ ವಾಪಸ್ ಹೋಗುವುದಿತ್ತು. ಹೋಯಿತೆಂದರೆ ಅಜ್ಜ ಕೂತು ನೋಡುವುದೆಲ್ಲಿ, ಅಲ್ಲಾಡುವುದಿಲ್ಲ ಎನ್ನುವುದೆಲ್ಲಿ? ಇತ್ತ ನಿಶ್ಚಿತಾರ್ಥಕ್ಕೆ ವಾರವೂ ಉಳಿದಿರಲಿಲ್ಲ. ಬೆಳಿಗ್ಗೆ ಹೆಂಡತಿ ಫೋನ್ ಮಾಡಿ, "ಬರ್ತೀರೋ, ಇಲ್ಲಾ ನಿಮ್ಮ ಫೋಟೋ ಇಟ್ಟು ತಾಂಬೂಲ ಕೊಡ್ಲೋ?" ಎಂದು ಕೇಳಿದ್ದಳು.

ಕಡೆಯ ಸಲ ಚಹಾ ಕುಡಿಯಲು ಅಜ್ಜನೂ ಬಂದಿದ್ದರು, ಮುದೀರೂ ಬಂದಿದ್ದರು. ಜನರೇಟರ್ ಆರಿಸಿ, ವೈರು ಬಿಚ್ಚಿ, ಕ್ಯಾಬಿನ್ನಿನ ನಾಲ್ಕೂ ಮೂಲೆಗೆ ಕ್ರೇನಿನ ಸರಪಳಿ ಸಿಕ್ಕಿಸಿದೆವು. ಮಲಯಾಳಿ ಆಪರೇಟರ್ ಎತ್ತಿದ. ಕ್ಯಾಬಿನ್ ಏಳಲಿಲ್ಲ. ಇನ್ನೂ ಎತ್ತಿದ. ಕ್ರೇನಿನ ಹಿಂದಿನ ಗಾಲಿಗಳು ನೆಲ ಬಿಟ್ಟು ಮೇಲೆ ಬಂದವು. ಅವನು ಹೆದರಿ ಎಲ್ಲ ಸಡಿಲು ಬಿಟ್ಟು ಕೆಳಗಿಳಿದು ಬಂದ. ಕ್ಯಾಬಿನ್ನಿನ ಕೆಳಗೆ ಏನು ನೆಟ್ಟಿದ್ದೀರಿ ಎಂದು ಕೇಳಿದ.

ನಾನು ನನ್ನ ಶುಕ್ರವಾರದ ಬೋಲ್ಟುಗಳ ಸಂಗತಿ ಹೇಳಿದೆ.

ಫೋರ್‌ಮನ್ ನನ್ನ ಮುಖ ನೋಡಲಿಲ್ಲ. "ನಾನೂ ಒಂದು ದಿನ ಬಂದಿದ್ದೆ ಸರ್. ಗಾಳಿಗೆ ಹಾರಿದ್ರೆ ಅಂತ ಲಾರಿಯ ಹಳೇ ರಿಮ್ಮು ಹೂತು ಚೈನು ಕಟ್ಟಿದ್ದೇನೆ. ನಿಮ್ಮ ಬ್ಲಾಕಿನ ಮೇಲೆ ನಂಗೆ ಅಷ್ಟು ನಂಬಿಕೆ ಇರ್ಲಿಲ್ಲ."

ಇಬ್ಬರೂ ವೆಲ್ಡರ್ ಕಡೆ ತಿರುಗಿದೆವು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಇಬ್ಬರ ಕೆಲಸದ ಮೇಲೂ ನಂಬಿಕೆ ಇಲ್ಲದೆ ಅವನೂ ಬಂದು, ಸುತ್ತಲೂ ಕಬ್ಬಿಣದ ಗೂಟ ಬಡಿದು ವೆಲ್ಡ್ ಮಾಡಿ ಹೋಗಿದ್ದ.

ಯಾರು ಹೆಚ್ಚು ಗಟ್ಟಿ ಮಾಡಿದ್ದು ಎಂದು ನಮ್ಮಲ್ಲೇ ಜಗಳ ಹತ್ತಿತು. ಜಗಳವಾಡುತ್ತಲೇ ಬೋಲ್ಟು ಬಿಚ್ಚಿದೆವು, ಗೂಟ ಕತ್ತರಿಸಿದೆವು, ಚೈನು ಕಳಚಿದೆವು. ಮುದೀರ್ ತಲೆಯ ಮೇಲೆ ಕೈ ಹೊತ್ತು ಕಾರಿನ ಹತ್ತಿರ ನಿಂತಿದ್ದರು. ಮತ್ತೆ ಯಲ್ಲಾ, ಎತ್ತು ಎಂದೆವು. ಈ ಸಲ ಮೂಲಂಗಿ ಕಿತ್ತ ಹಾಗೆ, ಎರಡು ಬ್ಲಾಕು, ಒಂದು ರಿಮ್ಮು, ಒಂದು ಬುಟ್ಟಿ ಮಣ್ಣಿನ ಸಮೇತ ಕ್ಯಾಬಿನ್ ಮೊಣಕಾಲೆತ್ತರ ಎದ್ದಿತು. ನಾವು ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ಕಿಟಕಿ ಸರಿಯಿತು. ಒಳಗೆ ಅಜ್ಜ.

ನಾವು ಜಗಳದಲ್ಲಿ ಮುಳುಗಿದ್ದಾಗ ಮರೆತ ಜಪಮಾಲೆ ತರಲು ಒಳಗೆ ಹೋಗಿ, ಇನ್ನೊಂದು ಗುಟುಕು ಚಹಾ ಇದೆಯೆಂದು ಅಲ್ಲೇ ಕೂತುಬಿಟ್ಟಿದ್ದರು. ಮುದೀರ್ ಕಿರುಚುತ್ತ ಓಡಿ ಬಂದರು. ಆಪರೇಟರ್ ಅಲುಗಾಡದೆ ಕಲ್ಲಾಗಿ ಕೂತ. ನನ್ನ ರಜೆ, ನನ್ನ ಇಕಾಮಾ ಎಂಬ ವಾಸದ ಪರವಾನಗಿ, ನನ್ನ ಮಗಳ ನಿಶ್ಚಿತಾರ್ಥ, ಎಲ್ಲವೂ ಆ ಹುಕ್ಕಿಗೆ ತೂಗುತ್ತಿರುವುದು ನನಗೆ ಕಾಣಿಸಿತು.

ಅಜ್ಜ ಕೈ ಎತ್ತಿ ಎಲ್ಲರಿಗೂ ಸುಮ್ಮನಿರಲು ಹೇಳಿದರು. ಲೋಟವನ್ನು ಕಣ್ಣೆದುರು ಹಿಡಿದು ನೋಡಿದರು. ಅಂಗೈಯನ್ನು ನೆಲಕ್ಕೆ ಹಚ್ಚಿದರು. ಅವರ ಮುಖ ಅರಳಿತು.

"ಈಗ ಅಲ್ಲಾಡುವುದಿಲ್ಲ," ಎಂದರು. "ಇಷ್ಟು ದಿನ ಯಾಕೆ ಹೀಗೆ ಇಡಲಿಲ್ಲ?"

ಆಗ ನನ್ನ ಕಣ್ಣು ಕ್ಯಾಬಿನ್ನಿನ ಪಕ್ಕಕ್ಕೆ, ಅದರ ಜೊತೆಗೇ ಎದ್ದು ನಿಂತಿದ್ದ ಜನರೇಟರ್ ಮೇಲೆ ಬಿತ್ತು. ಅಜ್ಜ ಒಳಗಿದ್ದಾಗ ಅದು ಸುಮ್ಮನಿದ್ದದ್ದು ಅಂದೇ ಮೊದಲು. ಸಂಜೆ ಹಚ್ಚಿದರೆ ಕುಣಿಯುವ ಯಂತ್ರವನ್ನು ನಾವೇ ಕ್ಯಾಬಿನ್ನಿಗೆ ವೆಲ್ಡ್ ಮಾಡಿ, ಒಂದೇ ಮೈ ಮಾಡಿ, ಬಿಗಿದಷ್ಟೂ ಅದರ ಕುಣಿತವನ್ನು ನೀಟಾಗಿ ಅಜ್ಜನ ಲೋಟಕ್ಕೆ ತಲುಪಿಸಿದ್ದೆವು. ಫೋರ್‌ಮನ್ನೂ ಅಲ್ಲಿಗೇ ನೋಡುತ್ತಿದ್ದರು, ವೆಲ್ಡರೂ. ಮೂವರೂ ಒಬ್ಬರನ್ನೊಬ್ಬರು ನೋಡಿ ಬಾಯಿಗೆ ಬೀಗ ಹಾಕಿಕೊಂಡೆವು. ಆ ಚಳಿಗಾಲದಲ್ಲಿ ನಾವು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

ಅಜ್ಜನನ್ನು ಮೆಲ್ಲಗೆ ಇಳಿಸಿದೆವು. ಅವರು ಹೊರಗೆ ಬಂದು ಕ್ರೇನನ್ನು ಮೇಲಿಂದ ಕೆಳಗೆ ನೋಡಿ, ಮುಂದಿನ ವರ್ಷವೂ ಈ ಪಾಯವೇ ಇರಲಿ ಎಂದು ಮಗನಿಗೆ ತಾಕೀತು ಮಾಡಿದರು. ಮುದೀರ್ ಆಡಿದ ಮಾತಿಗೆ ತಪ್ಪಲಿಲ್ಲ. ರಜೆ ಅಲ್ಲೇ, ಮರಳಿನ ಮೇಲೆ ನಿಂತಲ್ಲೇ ಸಿಕ್ಕಿತು.

ಗದಗಿನಲ್ಲಿ ಕಾಲಿಡುತ್ತಲೇ ಬೀಗರು ಎದುರಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಜ್ಜಾರ ನಡುಕ ನಿಂತಿತೇನ್ರೀ ಎಂದು ಕೇಳಿದರು. ಹೆಣ್ಣಿನ ತಂದೆ ನಾನು, ನಿಂತಿತ್ರೀ ಎಂದೆ, ಅದು ಸುಳ್ಳೂ ಆಗಿರಲಿಲ್ಲ. ಅಷ್ಟೇ ಸಾಕಾಯಿತು. ತಾಂಬೂಲ ಬದಲಾಯಿಸುವ ಹೊತ್ತಿಗೆ ಅವರು ತುಂಬಿದ ಪಡಸಾಲೆಯಲ್ಲಿ ಎಣ್ಣೆಯ ಇನ್ನೊಂದು ಬಾಟಲಿ ಎತ್ತಿ ಹಿಡಿದು ಎಲ್ಲರಿಗೂ ಹೇಳುತ್ತಿದ್ದರು:

"ನಮ್ಮ ಎಣ್ಣಿ ಹಚ್ಚಿದ್ರ, ಕುವೈತದಾಗ ಮನಿ ಸುದ್ದಾ ಅಲ್ಲಾಡೂದು ನಿಂತೈತಿ. ಬೇಕಾದ್ರ ನಮ್ಮ ಬೀಗರನ್ನ ಕೇಳ್ರಿ, ಎಂಜಿನಿಯರ್ ಅದಾರ."