ಅತ್ತೆಯ ಎದೆಗೆ ಹೊಸ ಬಾಡಿಗೆದಾರ

ನಮ್ಮ ಸೋದರತ್ತೆಯ ಜತೆ ಬ್ಯಾಟರಾಯನಪುರದಲ್ಲಿ ತರಕಾರಿ ತರಲು ಹೊರಡುವವರಿಗೆ ನನ್ನದೊಂದು ಸಲಹೆ: ಬುತ್ತಿ ಕಟ್ಟಿಕೊಂಡು ಹೋಗಿ! ಆರ್.ಟಿ. ನಗರದಲ್ಲಿ ಸ್ವಂತ ದುಡಿಮೆಯಿಂದ ಪಾತ್ರೆ ಅಂಗಡಿ ಇಟ್ಟ ನಾನು ಚೌಕಾಸಿಯಲ್ಲಿ ಯಾರಿಗೂ ಸೋತವನಲ್ಲ. ಅತ್ತೆಯೋ, ಹತ್ತು ಹೆಜ್ಜೆಗೊಮ್ಮೆ ನಿಂತು ಬೇಡದ್ದಕ್ಕೆಲ್ಲ ಬೆಲೆ ಕೇಳುವವರು. ಮಕ್ಕಳ ಬೂಟು, ಎಮ್ಮೆಯ ಹಗ್ಗ, ಒಮ್ಮೆ ಯಾರೋ ನಿಲ್ಲಿಸಿ ಹೋಗಿದ್ದ ಸ್ಕೂಟರ್ರು! ಕೊನೆಗೆ ಸೊಪ್ಪಿನ ಮುನಿಯಮ್ಮನ ಹತ್ತಿರ ಗೋಣಿಚೀಲದ ಮೇಲೆ ಕೂತು ಒಂದು ಕಟ್ಟು ದಂಟಿಗೆ ಅರ್ಧ ಗಂಟೆ ಜಗಳ.

"ಇಳಿಸೇ!"

"ಇಳ್ಸಾಕಾಗಲ್ಲ ಕಣಮ್ಮ!"

ಎರಡು ವರ್ಷದಲ್ಲಿ ಒಂದು ದಿನವೂ ಅವಳು ಇಳಿಸಿದ್ದಿಲ್ಲ.

ಹೀಗಿರಲು ತಮ್ಮ ವಠಾರದ ಬಾಡಿಗೆದಾರನೊಬ್ಬನನ್ನು ಬೈಯಲು ಮಹಡಿ ಹತ್ತಿದ ಅತ್ತೆ, ಬೈಗುಳದ ನಡುವೆಯೇ ಕುಸಿದುಬಿದ್ದರು. ಹೆಬ್ಬಾಳದ ಆಸ್ಪತ್ರೆಗೆ ಓಡಿದೆವು. ಹೃದಯದಿಂದ ರಕ್ತ ಹೊರಬಿಡುವ ಕವಾಟ ಗಟ್ಟಿಯಾಗಿ ಸರಿಯಾಗಿ ತೆರೆಯುತ್ತಿರಲಿಲ್ಲ.

"ಹತ್ತು ಹೆಜ್ಜೆಗೇ ನಿಲ್ಲಬೇಕು ಅನ್ಸುತ್ತಾ ಅಮ್ಮ?" ಎಂದರು ಡಾಕ್ಟರು.

ಅತ್ತೆ ಫ್ಯಾನು ನೋಡಿದರು. ನನಗೆ ಆ ಸ್ಕೂಟರಿನ ಬೆಲೆ ಆಗ ಅರ್ಥವಾಯಿತು!

"ಹೀಗೇ ಬಿಟ್ರೆ ವರ್ಷ ದಾಟೋದು ಕಷ್ಟ. ಎದೆ ಕುಯ್ಯೋದು ಬೇಡ. ತೊಡೆಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಮಡಚಿದ ಹೊಸ ಕವಾಟ ಕಳಿಸಿ, ಅಲ್ಲೇ ಬಿಚ್ಚಿ ಕೂರಿಸ್ತೀವಿ."

"ಹಳೇದು?"

"ಪಕ್ಕಕ್ಕೆ ಒತ್ತರಿಸಿಕೊಂಡು ಅಲ್ಲೇ ಇರುತ್ತೆ."

ನಾಲ್ಕು ಮನೆಗಳ ವಠಾರದ ಒಡತಿ ಎದ್ದು ಕೂತರು. "ಹಳಬನ್ನ ಖಾಲಿ ಮಾಡಿಸ್ದೇನೇ ಹೊಸಬನ್ನ ಸೇರಿಸ್ತೀರಾ? ದಿನಾ ಜಗಳ ಆಗಲ್ವೇನ್ರೀ?"

ನಾನು ಬಾಯಿ ಹಾಕಿದೆ: "ಎದೆಗೆ ಹೊಲಿಗೆ ಇಲ್ಲ, ನಾಲ್ಕೇ ದಿನಕ್ಕೆ ಮನೆ. ಇಂಥ ವ್ಯಾಪಾರ ಬಿಡ್ಬೇಡಿ ಅತ್ತೆ!"

ಒಪ್ಪಿದರು. ಸಹಿ ಹಾಕುವಾಗ ಮಾತ್ರ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು.

ಕವಾಟ ಕೂರಿಸುವಾಗ ಪೂರ್ತಿ ಪ್ರಜ್ಞೆ ತಪ್ಪಿಸಿರಲಿಲ್ಲವಂತೆ. ಒಳಗೂ ಅತ್ತೆಯ ಬಾಯಿ ಸುಮ್ಮನಿರಲಿಲ್ಲ: "ಹೊಸಬ ಇನ್ನೂ ತಲುಪಲಿಲ್ವೇನಪ್ಪಾ? ಹೆಬ್ಬಾಳದ ಫ್ಲೈಓವರ್‌ನಲ್ಲಿ ಸಿಕ್ಹಾಕ್ಕೊಂಡಿದ್ದಾನಾ?" ನಗುತ್ತಾ ಬಂದ ನರ್ಸಮ್ಮ ಹೇಳಿದಾಗಲೇ ನಾನು ಕುರ್ಚಿಗೆ ಒರಗಿದ್ದು.

ತಿಂಗಳ ಮೇಲೆ ಮತ್ತೆ ತರಕಾರಿಗೆ ಹೊರಟೆವು. ಅತ್ತೆ ಬೂಟಿಗೂ ನಿಲ್ಲಲಿಲ್ಲ, ಹಗ್ಗಕ್ಕೂ ನಿಲ್ಲಲಿಲ್ಲ. ಹಿಂದೆ ಏದುಸಿರು ಬಿಡುತ್ತಾ ಓಡಿದವನು ನಾನು! ನೇರ ಬಂದು ನಿಂತ ಅತ್ತೆಯನ್ನು ಮುನಿಯಮ್ಮ ಮೇಲಿಂದ ಕೆಳಗೆ ನೋಡಿ, ದಂಟಿನ ಕಟ್ಟನ್ನು ಚೀಲಕ್ಕೆ ಹಾಕಿ, ಕೇಳುವ ಮೊದಲೇ ಅರ್ಧ ಬೆಲೆ ಹೇಳಿದಳು.

"ಇದೇನೇ! ಇಷ್ಟು ದಿನ ಒಂದ್ಸಲಾನೂ ಇಳಿಸದೋಳು?"

ಮುನಿಯಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಾ ಅಂದಳು: "ಇಳ್ಸಿದ್ರೆ, ನೀನು ಉಸ್ರು ಸುದಾರ್ಸೋಕ್ ಮುಂಚೇನೇ ಎದ್ದು ಒಂಟೋಗ್ತಿದ್ದೆ ಕಣಮ್ಮ."

ಈಗ ಅತ್ತೆಯ ಉಸಿರಿಗೇನೂ ತೊಂದರೆ ಇರಲಿಲ್ಲ. ಆದರೂ ಅವಳ ಪಕ್ಕದ ಗೋಣಿಚೀಲದ ಮೇಲೆ ಕೂತರು.